ಡೀಲಿಯಾ ತಟ್ಟಿದ ಕಿಂಡಿ

ಈ ಬೀದಿ ದಾಟೋವರೆಗೆ ಮೆಲ್ಲಗೆ ನಡೀರಿ... ಮಾತೂ ಮೆಲ್ಲಗೆ. ಅಗೋ, ಎದುರಿಗೆ ದೀಪ ಆರಿಸಿದಾರಲ್ಲ, ಅದೇ ಫಿಂಟನ್‌ನ ಪಬ್ಬು. ಅದರ ಹಳೇ ಮರಗೆಲಸ ನೋಡೋಕೆ ನಮ್ಮ ಈ ಕಾರ್ಕ್ ಪಟ್ಟಣಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಅದು ಯಾಕೆ ಉಳೀತು ಅಂತ ಅವರಿಗೇನು ಗೊತ್ತು!

ಅದರೊಳಗೆ ಬಲಕ್ಕೆ ಒಂದು ಮರದ ಗೂಡು. ಹೆಂಗಸರು ಯಾರ ಕಣ್ಣಿಗೂ ಬೀಳದೆ ಕೂತು ಕುಡಿಯೋ ಜಾಗ, ಸ್ನಗ್ ಅಂತೀವಿ. ಬೀದಿಗೇ ಅದರ ಬಾಗಿಲು. ಹೂಬಳ್ಳಿ ಕೊರೆದ ಮಬ್ಬುಗಾಜು. ಗಲ್ಲಾ ಕಡೆಗೆ ಒಂದು ಕಿಂಡಿ. ಒಳಗಿನವರು ಎರಡು ಸಲ ತಟ್ಟಬೇಕು. ಗಲ್ಲಾದಲ್ಲಿರೋನು ಕಿಂಡಿ ಸರಿಸಿ ಗ್ಲಾಸು ಕೊಡಬೇಕು, ಮುಖ ನೋಡಬಾರದು. ಫಿಂಟನ್‌ನ ಅಪ್ಪ ಹಾಕಿದ ಕಟ್ಟಳೆ. ಅಂಥ ಮರ್ಯಾದೆಯ ಮನೆ!

ಆ ಮರ್ಯಾದೆಗೇ ತಾನೇ, ಮದುವೆಯಿಲ್ಲದೆ ಬಸುರಾದಳು ಅಂತ ಆ ಅಪ್ಪ ಮಗಳು ಡೀಲಿಯಾನ ಇಂಗ್ಲೆಂಡಿನ ಹಡಗಿಗೆ ಅಟ್ಟಿದ್ದು. ತಂಗಿ ಒಬ್ಬಳೇ ಹೊರಟಳು. ಹಡಗುಕಟ್ಟೆವರೆಗಾದರೂ ಬಿಟ್ಟು ಬರ್ತೀನಿ ಅನ್ನೋಕೆ ಫಿಂಟನ್‌ಗೆ ಬಾಯಿ ಬರಲಿಲ್ಲ.

ಒಂಬತ್ತು ವರ್ಷ ಕಳೀತು. ಅಪ್ಪನೂ ಹೋದ. ಒಂದು ದಿನ ಮಧ್ಯಾಹ್ನ ಮೂರು ಗಂಟೆ. ಹೌದ್ರೀ, ಹಾಡುಹಗಲು! ಎರಡೂವರೆಯಿಂದ ಒಂದು ತಾಸು ಪಬ್ಬು ಮುಚ್ಚಬೇಕು ಅಂತ ಆಗ ಕಾನೂನು. ಬಾಗಿಲಿಗೆಲ್ಲ ಚಿಲಕ ಹಾಕಿ ಫಿಂಟನ್ ಗ್ಲಾಸು ಒರೆಸ್ತಿದ್ದ.

ಟಕ್... ಟಕ್.

ಯಾರೋ ಸ್ನಗ್ಗಿನಲ್ಲೇ ಉಳಿದುಬಿಟ್ಟಿದಾರೆ ಅಂದುಕೊಂಡ. ಕಿಂಡಿ ಸರಿಸಿದ. ಕಿರ್ರ್... ಕಪ್ಪು ಕೈಗವಸು ತೊಟ್ಟ ಕೈ.

"ಮನೇಲೆಲ್ಲ ಚೆನ್ನಾಗಿದೀರಾ?" ಪಿಸುದನಿ.

"ಚೆನ್ನಾಗಿದೀವಮ್ಮ. ಈ ಹೊತ್ತಲ್ಲಿ ಕೊಡೋ ಹಾಗಿಲ್ಲ."

"ಒಂದು ಸಲ..."

ತಲೆ ತಗ್ಗಿಸಿಕೊಂಡೇ ಕಿಂಡಿ ಮುಚ್ಚಿಬಿಟ್ಟ.

ಹೊರಗೆ ಬಿಡೋಣ ಅಂತ ಹೋದರೆ ಸ್ನಗ್ ಖಾಲಿ. ಚಿಲಕ ಒಳಗಿಂದ ಹಾಕಿದ್ದು ಹಾಗೇ ಇತ್ತು. ಸಂಜೆ ತಂತಿ ಬಂತು. ಡೀಲಿಯಾ ಅವತ್ತೇ ಬೆಳಿಗ್ಗೆ ಲಿವರ್‌ಪೂಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ಅಯ್ಯೋ, ಆ ಮನುಷ್ಯ ಅತ್ತಿದ್ದು! "ಕತ್ತೆತ್ತಿ ನೋಡಲಿಲ್ಲ ಕಣೇ ಐಲೀನ್" ಅಂತ ಹೆಂಡತಿ ಮುಂದೆ ತಲೆ ಚಚ್ಚಿಕೊಂಡ.

ಆಮೇಲೆ ಸುತ್ತಲಿನ ಪಬ್ಬಿನವರೆಲ್ಲ ಮರ ಕಿತ್ತು ಹೊಳೆಯೋ ಫಾರ್ಮೈಕಾ ಹಲಗೆ ಹಾಕಿಸಿದರು. ಇವನು ಒಂದು ಮೊಳೆ ಮುಟ್ಟಗೊಡಲಿಲ್ಲ.

"ಜಿಪುಣಾ, ಸತ್ತಾಗ ಈ ಮರಾನೂ ಹೊತ್ಕೊಂಡು ಹೋಗ್ತೀಯೇನೋ?" ಅಂತ ಗಿರಾಕಿಗಳು ಕಿಚಾಯಿಸೋರು. ನಗ್ತಾ ಗ್ಲಾಸು ತುಂಬಿಸೋನು. ಐಲೀನ್‌ಗೆ ಮಾತ್ರ ಹೇಳಿದ್ದ: "ಎಲ್ಲ ಬದಲಾಯಿಸಿದರೆ ಅವಳಿಗೆ ಮನೆ ಗುರುತು ಸಿಗೋದು ಹೇಗೆ?" ದಿನಾ ಆ ಮೂರು ಗಂಟೆ ಹೊತ್ತಿಗೆ ಕಿಂಡಿ ಪಕ್ಕ ಸ್ಟೂಲು ಹಾಕಿ ಕೂರೋನು. ಹತ್ತೊಂಬತ್ತು ವರ್ಷ!

ಒಂದು ಮಧ್ಯಾಹ್ನ, ಜೋರು ಮಳೆ. ಅಡುಗೆಮನೆಯಲ್ಲಿದ್ದ ಐಲೀನ್‌ಗೆ ಕೇಳಿಸಿತು. ಟಕ್... ಟಕ್. ಕಿರ್ರ್.

"ಎಷ್ಟು ಸೊರಗಿದೀಯೇ..." ಫಿಂಟನ್‌ನ ದನಿ. "ನಡಿ. ನಾನು ಬಿಟ್ಟು ಬರ್ತೀನಿ."

ಐಲೀನ್ ಓಡಿ ಬರೋದರೊಳಗೆ ಸ್ನಗ್ಗಿನ ಬಾಗಿಲು ಹಾರುಹೊಡೆದಿತ್ತು. ಸುರಿಯೋ ಮಳೇಲಿ ಫಿಂಟನ್ ಹಡಗುಕಟ್ಟೆ ಕಡೆಗೆ ನಿಧಾನಕ್ಕೆ ನಡೀತಿದ್ದ. ನೋಡಿದವರಿಗೆ ಒಬ್ಬನೇ.

ಕತ್ತಲಾದ ಮೇಲೆ ಬಂದ. ನೆಂದು ತೊಪ್ಪೆಯಾಗಿದ್ದ. ಮುಖದಲ್ಲಿ ಮಾತ್ರ ಸಮಾಧಾನ, ನೋಡಿ ನನಗೇ ಅಳು ಬಂತು. ನಾನು ಐಲೀನ್‌ನ ತಂಗಿ, ಅವತ್ತು ಅಲ್ಲೇ ಇದ್ದೆ. ಅವನ ಕೋಟು ಬಿಚ್ಚಿಸಿದ್ದು ಇದೇ ಕೈ. ಕೋಟಿನಿಂದ ತೊಟತೊಟ ನೀರು. ಎಡತೋಳಿನ ಮೇಲೆ ಮಾತ್ರ, ಯಾರೋ ಹಿಡಿದುಕೊಂಡಿದ್ದ ಹಾಗೆ ನಾಲ್ಕು ಬೆರಳಿನಗಲ... ಬಟ್ಟೆ ಒಣಗಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಮುಟ್ಟಿ ನೋಡಿದೀನಿ.