ಡ್ರಾ ಕೇಳೋದಕ್ಕೂ ಒಂದು ರೀತಿ ಇದೆ

…ಇಲ್ಲ ಇಲ್ಲ, ಕೈ ಚಾಚಿದ್ದು ನೀನು. ನಾನಲ್ಲ. ಅದೊಂದು ಸರಿಯಾಗಿ ನೆನಪಿಟ್ಕೋ. ನಾನು ನನ್ನ ಪಾಡಿಗೆ ಚೆಸ್ ಬೋರ್ಡ್ ನೋಡ್ತಾ ಕೂತಿದ್ದೆ, ನೀನು ಎದುರಿಂದ ಕೈ ಚಾಚಿದೆ. ನಾನು ಕುಲುಕಿದೆ. ಅಂಪೈರ್ ಬಂದ್ರು, ನಾನು ಗೆದ್ದೆ ಅಂತ ಬರ್ಕೊಂಡ್ರು, ಹೋದ್ರು. ಇದ್ರಲ್ಲಿ ನಂದೇನಿದೆ ಹೇಳು? …ಅಯ್ಯೋ, ಹೇಳು ಅಂದ್ರೆ ಬಾಯಿ ತೆಗೀಬೇಡ ಮಾರಾಯ! ಗಂಟಲು ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ, ಪಿಸುಗುಡೋದೂ ಬೇಡ ಅಂದಿದ್ದಾರೆ ಡಾಕ್ಟ್ರು. ಸುಮ್ನೆ ಕೂತ್ಕೋ. ಟೀ ಕುಡಿ. ಆರಿಸ್ಕೊಂಡು ಕುಡಿ, ಬಿಸಿ ತಾಗಿದ್ರೆ ಆಮೇಲೆ ಅದೂ ನನ್ನ ತಲೆ ಮೇಲೇ ಬರತ್ತೆ.

ನೋಡು, ಡ್ರಾ ಕೇಳೋದಕ್ಕೂ ಒಂದು ರೀತಿ ಇದೆ. ಇದೆಯೋ ಇಲ್ವೋ? ತಲೆ ಆಡಿಸು ಸಾಕು. ಹಾಂ. ಮೊದ್ಲು ನಿನ್ನ ಕಾಯಿ ನಡೆಸ್ಬೇಕು. ಆಮೇಲೆ ಕೇಳ್ಬೇಕು. ಆಮೇಲೆ ಗಡಿಯಾರ ಒತ್ಬೇಕು. ಎದುರಿನವನು ಯೋಚಿಸ್ತಾ ಕೂತಿರುವಾಗ, ಅವನ ಟೈಮು ಓಡ್ತಿರುವಾಗ, ನಡುವೆ ತಲೆ ಹಾಕ್ಬಾರ್ದು. ಬೇಡ ಅಂದ್ರೆ ಮತ್ತೆ ಕೇಳ್ಬಾರ್ದು. ಸೋಲ್ತಿರೋನಂತೂ ಕೇಳ್ಲೇಬಾರ್ದು, ಬೇಡಿದ ಹಾಗಾಗತ್ತೆ. ನಮ್ಮ ಸ್ಟೋರ್‌ಕೀಪರ್ ಇದ್ದಾನಲ್ಲ, ಅವನ ಹಾಗೆ ಮಾತೆತ್ತಿದ್ರೆ ‘ಡ್ರಾನಾ? ಡ್ರಾನಾ?’ ಅಂತ ತಲೆ ತಿನ್ನೋದಲ್ಲ! ಅವನಿಗೆ ಡ್ರಾ ಕೊಟ್ಟೋರೆಲ್ಲ ಕೊಟ್ಟಿದ್ದು ಒಮ್ಮೆ ಬಾಯಿ ಮುಚ್ಲಿ ಅಂತ. ಮೀಟರ್ ಓದೋ ಮೇಡಂನ ನೋಡಿ ಕಲೀಬೇಕು. ಒಂದೇ ಸಲ, ಮೆಲ್ಲಗೆ ಕೇಳ್ತಾರೆ. ಗಡಿಯಾರ ಒತ್ತಿ ಬೋರ್ಡ್ ನೋಡ್ತಾ ಕೂರ್ತಾರೆ. ನಮ್ಗೆ ಬೇಡ್ವಾ, ಬೇಡ ಅನ್ನೋದೂ ಬೇಡ, ಸುಮ್ನೆ ಮುಂದಿನ ಕಾಯಿ ನಡೆಸಿದ್ರೆ ಆಯ್ತು. ಅವರೇನೂ ಮುಖ ಊದಿಸ್ಕೊಳ್ಳಲ್ಲ.

ಇನ್ನೂ ಒಂದು. ಬರೀ ಕೈ ಚಾಚ್ಬಾರ್ದು. ಕೈ ಚಾಚಿದ್ರೆ ಸೋತೆ ಅಂತಲೂ ಆಗತ್ತೆ, ಡ್ರಾ ಅಂತಲೂ ಆಗತ್ತೆ. ಅದಕ್ಕೇ ಬಾಯಿಬಿಟ್ಟು ಹೇಳ್ಬೇಕು ಅನ್ನೋದು… ನಿನ್ಗೆ ಹೇಳೋಕಾಗಲ್ಲ, ಸರಿ, ಒಪ್ದೆ. ಆದ್ರೆ ನಾನೇನ್ ಮಾಡ್ಲಿ? ಬರೀ ಕೈ ಬಂತು. ಇನ್ನೇನೂ ಇಲ್ಲ. ಸೋಲೊಪ್ಪಿಕೊಂಡ ಅಂತ ತಿಳ್ಕೊಂಡೆ. ಯಾರಾದ್ರೂ ಹಾಗೇ ತಿಳ್ಕೋತಾರೆ.

ಏನದು? ಮೇಜಿನ ಮೇಲೆ ಏನ್ ಗೀಚ್ತಿದ್ದೀಯಾ… ಓ, ಆನೆಗಳಾ. ಗೊತ್ತು, ಗೊತ್ತು. ಇಬ್ರಿಗೂ ಒಂದೊಂದು ಆನೆ, ಸಮ ಸಮ ಪದಾತಿ. ಎಳೆ ಮಗೂನೂ ಅಲ್ಲಿ ಸೋಲೊಪ್ಪಲ್ಲ ಅಂತೀಯಾ. ಆದ್ರೆ ನನ್ನ ಆನೆ ಒಳಗೆ ನುಗ್ತಿತ್ತು ಕಣೋ! ಇನ್ನು ನಾಲ್ಕೈದು ನಡೇಲಿ… ಯಾಕೆ ನಗ್ತೀಯಾ? ಸರಿ ಬಿಡು. ಏನೂ ಆಗ್ತಿರ್ಲಿಲ್ಲ. ಕತ್ತಲಾಗೋವರೆಗೂ ಆನೆ ಅತ್ಲಾಗೆ ಇತ್ಲಾಗೆ ಓಡಾಡ್ತಾ ಇರ್ತಿತ್ತು, ಅಷ್ಟೆ.

ನಿನ್ಗೆ ಡ್ರಾ ಸಾಕಿತ್ತು, ನೀನು ಅರ್ಧ ಪಾಯಿಂಟ್ ಮುಂದಿದ್ದೆ. ನನ್ಗೆ ಗೆಲುವೇ ಬೇಕಿತ್ತು. ನಮ್ಮ ವಾಟರ್ ಡಿಪಾರ್ಟ್‌ಮೆಂಟ್ ಚೆಸ್ ಟೀಮಲ್ಲಿ ಉಳಿದಿದ್ದು ಒಂದೇ ಜಾಗ. ಸೇರಿದವನಿಗೆ ಸೀಸನ್ ಪೂರ್ತಿ ಹಗಲು ಪಾಳಿ, ಸಿಗದವನು ಮತ್ತೆ ರಾತ್ರಿ ಪಂಪ್ ಹೌಸಿಗೆ. ಇಷ್ಟೇ ತಾನೇ ವಿಷ್ಯ? ಚೆಸ್ಸಾ ಇದು? ನಿದ್ದೆಗೆಟ್ಟ ಇಬ್ರು ಗಂಡಸರು ನಿದ್ದೆಗೋಸ್ಕರ ಕಿತ್ತಾಡಿದ್ದು… ಆ… ನೋಡು, ಮಾತಾಡ್ತಾ ಮಾತಾಡ್ತಾನೇ ಆಕಳಿಕೆ.

ನಿನ್ಗೆ ಹೇಳಿರ್ಲಿಲ್ಲ ಅಲ್ವಾ. ಮೊನ್ನೆ ಮಗಳ ಟೀಚರ್ ಕರೆಸಿದ್ರು. ನಿಮ್ಮ ಹುಡುಗಿ ಮಾತಾಡೋದು ಕ್ಲಾಸಲ್ಲಿ ಯಾರಿಗೂ ಕೇಳ್ಸಲ್ಲ, ಬಗ್ಗಿ ಬಾಯಿ ಹತ್ರ ಕಿವಿ ಇಡ್ಬೇಕು ಅಂದ್ರು. ಮನೇಲಿ ಯಾರಾದ್ರೂ ಹೊಡೀತಾರಾ ಅಂತ ನನ್ನನ್ನೇ ಕೇಳಿದ್ರು! ಯಾರೂ ಹೊಡೆಯಲ್ಲ ಮೇಡಂ, ಅಪ್ಪ ಹಗಲು ಮಲಗ್ತಾನೆ, ಅಷ್ಟೆ ಅಂದೆ. ಹುಟ್ಟಿದಾಗಿಂದ ‘ಶ್, ಅಪ್ಪ ಮಲಗಿದ್ದಾರೆ, ಶ್’ ಕೇಳಿ ಕೇಳಿ ಅದಕ್ಕೆ ಜೋರಾಗಿ ಮಾತಾಡೋದೇ ಬರಲ್ಲ ಕಣೋ. ತಮ್ಮನ ಜೊತೆ ಜಗಳ ಆಡೋದೂ ಪಿಸುಪಿಸು! ಜುಟ್ಟು ಹಿಡ್ಕೊಂಡು ಪಿಸುಪಿಸು! ನೋಡಿದ್ರೆ ನಗು ಬರತ್ತೆ, ಆಮೇಲೆ ಗೋಡೆ ಕಡೆ ತಿರುಗಿ ಮಲಗ್ತೀನಿ. ಹೆಂಡ್ತಿ ಕೆಲಸಕ್ಕೆ ಹೊರಡೋ ಹೊತ್ತಿಗೆ ನಾನು ಬಾಗಿಲಲ್ಲಿ. ಅವಳು ಬೀಗದ ಕೈ ಕೊಡ್ತಾಳೆ, ನಾನು ಖಾಲಿ ಡಬ್ಬಿ ಕೊಡ್ತೀನಿ. ಇದೂ ಒಂದು ಸಂಸಾರ. ಸಾಕಾಗಿದೆ ಕಣೋ. ಮೈಯಲ್ಲಿ ಜೀವಾನೇ ಇಲ್ಲ.

ನಿನ್ಗಾದ್ರೆ ಏನು? ಒಂಟಿ ಜೀವ. ಹಗಲು ಮಲಗಿದ್ರೇನು, ರಾತ್ರಿ ಮಲಗಿದ್ರೇನು, ಯಾರಿದ್ದಾರೆ ಕೇಳೋಕೆ… ಏಯ್, ಎದ್ದು ಹೋಗ್ಬೇಡ! ಕೂತ್ಕೋ. ಬಾಯ್ತಪ್ಪಿ ಬಂತು. ತಪ್ಪಾಯ್ತು ಅಂದ್ನಲ್ಲ, ಕೂತ್ಕೋ.

ಹೂಂ, ಗಂಟಲು ತೋರಿಸ್ಬೇಡ, ಗೊತ್ತು. ನೀರಿಗೆ ಬಿಡೋ ಕ್ಲೋರಿನ್. ಹಗಲು ಆ ಸಿಲಿಂಡರ್ ರೂಮಿಗೆ ಬೇರೆ ಜನ ಇದ್ದಾರೆ, ರಾತ್ರಿ ಅದೂ ನಮ್ಮದೇ. ಆ ಗಾಳಿ ನಿನ್ಗೆ ಇನ್ನು ಆಗೋದಿಲ್ಲ ಅಂತ ಡಾಕ್ಟ್ರು ಹೇಳಿದ್ದು ನನ್ನೆದುರಿಗೇ. ಆದ್ರೂ… ಮೂಗಿಗೆ ಬಟ್ಟೆ ಕಟ್ಕೊಂಡ್ರೆ ಆಗಲ್ವಾ? …ಆಗಲ್ಲ. ಸುಮ್ನೆ ಕೇಳ್ದೆ.

ನಿನ್ಗೆ ನಾನೇನು ಕಮ್ಮಿ ಮಾಡಿದೀನಾ? ಆಪರೇಷನ್ ದಿನ ಹೊರಗೆ ಬೆಂಚ್ ಮೇಲೆ ಕೂತಿದ್ದೋನು ಯಾರು? ಆಪರೇಷನ್‌ಗೂ ಎಷ್ಟೋ ಮುಂಚೆ, ನಿನ್ನ ಸ್ವರ ಹೋದಾಗಿಂದ, ಗಂಟೆಗೊಂದ್ಸಲ ಮೇನ್ ಆಫೀಸಿಗೆ ಫೋನ್ ಮಾಡಿ ನಿನ್ನ ಪಂಪಿನ ಪ್ರೆಶರೂ ಹೇಳೋನು ಯಾರು? ಕ್ಯಾಂಟೀನಲ್ಲಿ ಇವನಿಗೆ ಸಕ್ಕರೆ ಕಮ್ಮಿ ಅಂತ ಕೂಗೋನು ಯಾರು? ಎಲ್ರಿಗೂ ಅಭ್ಯಾಸ ಆಗ್ಹೋಗಿದೆ. ನಿನ್ನ ಕಡೆ ನೋಡೋದೂ ಇಲ್ಲ, ‘ಏನಂತೆ ಇವರಿಗೆ?’ ಅಂತ ನನ್ನನ್ನ ಕೇಳ್ತಾರೆ. ನಾನು ಹೇಳ್ತೀನಿ. ಒಂದ್ಸಲ ಆದ್ರೂ ತಪ್ಪು ಹೇಳಿದೀನಾ?

…ಆಯ್ತಪ್ಪ. ತಕರಾರಿದ್ರೆ ಜೇಬಲ್ಲಿ ಪೆನ್ನಿತ್ತಲ್ಲ, ಎರಡಕ್ಷರ ಗೀಚಿ ಅಂಪೈರ್ ಕೈಗೆ ಕೊಡ್ಬೇಕಿತ್ತು. ಕೊಡ್ಲಿಲ್ಲ. ಅಂದ್ರೆ ಒಪ್ಪಿದ ಹಾಗಾಯ್ತು. ಈಗ್ಲೂ ಅವರು ಒಳಗೇ ಇದ್ದಾರೆ, ಟೀಮಿನ ಹೆಸರು ಇನ್ನೂ ನೋಟಿಸ್ ಬೋರ್ಡಿಗೆ ಹಚ್ಚಿಲ್ಲ. ಹೋಗು, ಬರ್ದು ಕೊಡು. ನಾನೇನು ಬೇಡ ಅಂತೀನಾ? …ಹೋಗಲ್ವಾ? ಯಾಕೆ ಹೋಗಲ್ಲ? ಹೀಗೆ ನನ್ನ ಮುಖಾನೇ ನೋಡ್ತಾ ಕೂತ್ರೆ ಏನ್ ಸಿಗತ್ತೆ ನಿನ್ಗೆ?

ತಪ್ಪು ನಿಂದೇ ಕಣೋ. ನೂರು ಸಲ ಹೇಳ್ತೀನಿ, ನಿಂದೇ. ರೀತಿ ಅಂದ್ರೆ ರೀತಿ. ನನ್ನ ಟೈಮು ಓಡ್ತಿದೆ, ನಾನು ಬೋರ್ಡಲ್ಲಿ ಮುಳುಗಿದೀನಿ, ಅಂಥಾ ಹೊತ್ತಲ್ಲಿ ನನ್ನ ಮೂಗಿನ ಕೆಳಗೆ ಎರಡು ಬೆರಳು ಜೋಡ್ಸಿ ತಂದು ಹಿಡಿದ್ರೆ ಯಾರಿಗಾದ್ರೂ…

ಏನು?

ಯಾಕೆ ಹಾಗೆ ನೆಟ್ಟಗೆ ಕೂತೆ?

…ಎರಡು ಬೆರಳು ಅಂದ್ನಾ ನಾನು? ಇಲ್ಲ… ಕೈ ಅಂದೆ. ಕೈ ಅಂದ್ಮೇಲೆ ಬೆರಳೂ ಇರತ್ತಲ್ಲ… ಹಾಗೆ ನೋಡ್ಬೇಡ್ವೋ. ದಮ್ಮಯ್ಯ, ಹಾಗೆ ನೋಡ್ಬೇಡ.

ಹೂಂ. ಕಂಡೆ.

ಎರಡು ಬೆರಳು ಜೋಡ್ಸಿದ್ರೆ ಡ್ರಾ. ಪಂಪ್ ಹೌಸಲ್ಲಿ ಕೂತು ನಾವಿಬ್ರೇ ಮಾಡ್ಕೊಂಡ ಸನ್ನೆ. ಅಷ್ಟು ದೊಡ್ಡ ಹಾಲಲ್ಲಿ ಗೊತ್ತಿದ್ದಿದ್ದು ನನ್ಗೊಬ್ನಿಗೇ. ನೀನು ತೋರಿಸ್ದೆ. ನಾನು ಸರಿ ಅಂತ ತಲೆ ಆಡಿಸ್ದೆ. ಆಮೇಲೆ ತಾನೇ ನೀನು ಕೈ ಚಾಚಿದ್ದು… ಅಂಪೈರ್ ಸುಮ್ನೆ ಬರ್ಕೊಳ್ಳಲಿಲ್ಲ. ಕೇಳಿದ್ರು. ‘ಏನಂತಾರೆ ಇವರು?’ ಅಂತ ನನ್ನನ್ನ ಕೇಳಿದ್ರು. ಡ್ರಾ ಅನ್ನೋಕೇ ಬಾಯಿ ತೆಗ್ದೆ ಕಣೋ, ದೇವ್ರಾಣೆ. ‘ಸೋಲೊಪ್ಪಿಕೊಂಡ್ರು ಸಾರ್’ ಅಂತ ಬಂತು. ದಿನಾ ಪ್ರೆಶರ್ ಹೇಳ್ತೀನಲ್ಲ, ಅಷ್ಟು ಸಲೀಸಾಗಿ ಬಂತು. ನಾಚಿಕೆ ಆಗತ್ತೆ ಕಣೋ. ನಿನ್ನೆದುರಿಗೆ ಕೂರೋಕೆ ನಾಚಿಕೆ ಆಗತ್ತೆ.

ಬೈಯೋ. ಬರ್ದಾದ್ರೂ ಬೈಯೋ… ಅದಕ್ಕೇ ಅಲ್ವಾ ನೀನು ಅಂಪೈರ್ ಹತ್ರ ಹೋಗದೆ ಇಲ್ಲಿ ಬಂದು ಕೂತಿದ್ದು? ನನ್ನ ಬಾಯಿಂದಲೇ ಬರ್ಲಿ ಅಂತ.

ಆಯ್ತು. ಏಳ್ತೀನಿ. ಒಂದು ನಿಮಿಷ ಇರು, ಕಾಲು ಜೋಮು ಹಿಡ್ದಿದೆ… ಹೋಗಿ ಹೇಳ್ತೀನಿ, ಹೆಸರು ಹಚ್ಚೋಕೆ ಮುಂಚೆ ಹೇಳ್ತೀನಿ. ಏಯ್, ನೀನೂ ಏಳು. ನನ್ನ ಜೊತೆ ಬಾ, ಎದುರಿಗೇ ನಿಂತ್ಕೋ. ಒಬ್ನೇ ಹೋದ್ರೆ, ಅಲ್ಲಿ ಮತ್ತೆ ಏನ್ ಹೇಳಿಬಿಡ್ತೀನೋ, ನನ್ಗೇ ನಂಬಿಕೆ ಇಲ್ಲ.