ಸುತ್ತಿಗೆ ಕುಣಿಕೆ

…ಅಲ್ಲ ಅತ್ತಿಗೆ, ಅಣ್ಣನ ಪ್ಯಾಂಟನ್ನ ತಂದು ಹೊಲಿಗೆ ಮೇಜಿನ ಮೇಲೆ ಯಾಕೆ ಇಟ್ರಿ? ಕುರ್ಚಿ ಮೇಲಿಡಿ. ಬೇಡ, ಕೆಳಗಿಡಿ… ಕೂತ್ಕೊಳ್ಳಿ ಮೊದಲು. ಆಸ್ಪತ್ರೆಯಿಂದ ನೇರ ಬಂದ್ರಾ? ಅಣ್ಣ ಊಟ ಮಾಡಿದ್ನಾ? ನಾನು ನಿನ್ನೆನೇ ಬರಬೇಕಿತ್ತು. ಮೂವತ್ತು ಪ್ಯಾಂಟಿಗೆ ಗುಂಡಿ ಕೂರಿಸೋದು ಬಾಕಿ ಇತ್ತು. ಹಾಗ್ಯಾಕೆ ನೋಡ್ತೀರಿ? ಕೆಲಸ ಇತ್ತು, ನಿಜವಾಗ್ಲೂ.

ಎಷ್ಟು ಕತ್ತರಿಸಿದಾರೆ ನೋಡಿ. ಕತ್ತರಿ ಮೊಂಡಾಯ್ತು ಅಂದ್ರಂತಲ್ಲ ನರ್ಸಮ್ಮ? ಆಗದೆ ಏನು. ಇದು ಈಗಿನ ಜೀನ್ಸ್ ಅಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಗಣಿಯವರು ಹಾಕ್ತಿದ್ರಲ್ಲ, ಅದೇ ಥರ… ಮೊಣಕಾಲಿಗೆ ಜೋಡು ಬಟ್ಟೆ, ಮೂರು ಸಾಲು ಹೊಲಿಗೆ, ಜೇಬಿನ ಮೂಲೆಗೆ ತಾಮ್ರದ ರಿವೆಟ್ಟು. ಈ ರಿವೆಟ್ಟು ಹೇಗೆ ಬಂತು ಗೊತ್ತಾ? ಯಾರೋ ಮರ ಕಡಿಯೋನ ಹೆಂಡ್ತಿ ದರ್ಜಿ ಹತ್ರ ಹೋಗಿ, ನನ್ನ ಗಂಡನ ಮೈಮೇಲೆ ಪ್ಯಾಂಟೇ ನಿಲ್ಲಲ್ಲ, ಹರೀದ ಹಾಗೆ ಹೊಲಿದುಕೊಡಿ ಅಂದ್ಳಂತೆ. ಕುದುರೆ ಕಂಬಳಿಗೆ ಹೊಡೆಯೋ ರಿವೆಟ್ಟು ಪಕ್ಕದಲ್ಲೇ ಬಿದ್ದಿತ್ತು, ಅದನ್ನೇ ಎತ್ತಿ ಜೇಬಿಗೆ ಹೊಡೆದ. ಅಷ್ಟೇ ಕಥೆ… ನಗ್ತೀರೇನೋ ಅಂದ್ಕೊಂಡೆ.

ಕಾಲಿನ ವಿಷಯ ನೀವು ಹೇಳ್ಲೇ ಇಲ್ಲ. ಮೊಣಕಾಲಾದ್ರೂ ಉಳೀತಾ? …ಹಾಗೆ ತಲೆ ಅಲ್ಲಾಡಿಸಬೇಡಿ ಅತ್ತಿಗೆ.

ಅಣ್ಣ ಕೆಲಸ ಮಾಡೋ ಸಾಮಿಲ್ಲಿನೋರು ಆಸ್ಪತ್ರೆಗೆ ಬಂದಿದ್ರಂತೆ. "ನಂದೇ ತಪ್ಪು, ಗರಗಸ ತಿರುಗಿಸೋ ರಾಟೆಗೆ ತೀರಾ ಹತ್ರ ಹೋದೆ" ಅಂತ ಅಣ್ಣ ಬರೆದುಕೊಟ್ಟನಂತೆ. ಹೌದಾ?

ತೊಡೆ ಪಕ್ಕದ ಆ ಕುಣಿಕೆ ಮೇಲೇ ಇದೆ ನಿಮ್ಮ ಕಣ್ಣು. ಸುತ್ತಿಗೆ ನೇತುಹಾಕೋಕೆ ಅದು. ಸಾಮಿಲ್ಲಿಗೆ ಯಾಕೆ ಬೇಕಿತ್ತು ಅಂತೀರಾ? ಬೇಕಿರಲಿಲ್ಲ. ಆದ್ರೆ ಹಳೇ ಮಾದರೀಲಿ ಇತ್ತಲ್ಲ, ಬಿಡೋ ಹಾಗಿಲ್ಲ. ನಾನು ಹೊಲಿದುಕೊಡೋ ಅಂಗಡಿಯವರು, ಜಾಹೀರಾತಿಗೆ ದಿನಾ ಹಾಕ್ಕೊಂಡು ದುಡಿದ ಪ್ಯಾಂಟಿನ ಫೋಟೋ ಬೇಕು ಅಂದ್ರು. ನಮ್ಮಣ್ಣನಿಗಿಂತ ದುಡಿಯೋರು ಯಾರಿದಾರೆ? ಕೇಳಿದ್ದೇ ತಡ, ಒಪ್ಕೊಂಡ. ಕನ್ನಡಿ ಮುಂದೆ ನಿಂತು ನಿಮಗೂ ತೋರಿಸಿದ್ನಂತೆ…

ಒಂದೇ ಒಂದು ಮಾತು ಹೇಳಿದ್ದ. ಇಲ್ಲೇ, ನೀವು ಕೂತಿರೋ ಕಡೇನೇ ಕೂತು. "ರಾಟೆ ಪಕ್ಕ ನಿಲ್ಲೋನಿಗೆ ಹರಿಯೋ ಬಟ್ಟೇನೇ ವಾಸಿ ಕಣೇ. ಕುಣಿಕೆಗೆ ಒಂದೇ ಎಳೆ ಹಾಕು. ಎಲ್ಲಾದ್ರೂ ಸಿಕ್ಕಿಕೊಂಡ್ರೆ ಅದು ಕಿತ್ತು ಹೋಗ್ಲಿ, ನಾನು ಉಳೀತೀನಿ" ಅಂದ. ಹೂಂ ಅಂದೆ. ಹಾಗೇ ಮಾಡ್ದೆ ಅತ್ತಿಗೆ. ಒಂದೇ ಎಳೆ. ಬೆವರಿಗೆ ದಾರ ಬಿಗಿದುಕೊಂಡಿರಬೇಕು… ಈ ದಾರಾನೇ ಹಾಗೆ…

ತಿರುಗಿಸಬೇಡಿ ಅದನ್ನ. ಕೊಡಿ ಇಲ್ಲಿ.

…ಹೂಂ. ನಾಲ್ಕು ಸಾಲು. ಒಳಗೆ ರಿವೆಟ್ಟೂ ಇದೆ. ಸುತ್ತಿಗೆ ಭಾರಕ್ಕೆ ಕುಣಿಕೆ ಕಿತ್ಕೊಂಡು, ಫೋಟೋ ತೆಗೆಯೋರ ಮುಂದೆ ನನ್ನ ಹೊಲಿಗೆ ಬಿಟ್ಟುಹೋದ್ರೆ… ಅದೊಂದೇ ತಲೇಲಿದ್ದಿದ್ದು. ಅಣ್ಣ ತಗೊಂಡು ಹೋಗೋಕೆ ಬಂದಾಗ, ಒಂದೇ ಎಳೆ ಹಾಕಿದೀನಿ ಅಂದೆ. ಎಳೆದೂ ನೋಡಲಿಲ್ಲ ಅವನು. ತಂಗಿ ಹೇಳಿದ್ಳಲ್ಲ.

ಏನಾದ್ರೂ ಅನ್ನಿ. ಬೈದಾದ್ರೂ ಬಿಡಿ… ಕುಣಿಕೆ ರಾಟೆಗೆ ಸಿಕ್ಕಿದ್ದು ಅವನಿಗೆ ಗೊತ್ತಾ? …ಗೊತ್ತಿಲ್ವಾ. ತಾನೇ ಹತ್ರ ಹೋಗಿದ್ದಕ್ಕೆ ಹೀಗಾಯ್ತು ಅಂತಾನೇ ಅಂದ್ಕೊಂಡು ಮಲಗಿದಾನಾ…

ಎದ್ರಾ? ಇರಿ, ಮೆಷಿನ್ ಸ್ವಿಚ್ ತೆಗೀತೀನಿ. ಆರರವರೆಗೆ ಒಳಗೆ ಬಿಡ್ತಾರಲ್ವಾ? ನಾನೇ ಹೇಳ್ತೀನಿ ಅವನಿಗೆ. ನೀವೇನೂ ಹೇಳೋದು ಬೇಡ, ಬಾಗಿಲಲ್ಲಿ ನಿಂತಿರಿ ಸಾಕು. ನಾನು ಬೇರೆ ಏನಾದ್ರೂ ಮಾತು ತೆಗೆದ್ರೆ… ಸುಮ್ನೆ ಒಂದು ಸಲ ಕೆಮ್ಮಿ.