ಅಕ್ಷರ ನುಂಗುವ ಕಂಪ್ಯೂಟರ್

೧೯೯೪ರ ಒಂದು ಸಂಜೆ. ಅಕ್ಕಯಮ್ಮ ಸೊಪ್ಪಿನ ಚೀಲ ಹಿಡಿದು ಶಿವಾಜಿನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ ಅವಳ ಬೀದಿಯ ಮುನಿರಾಜ್, ಗೆಳೆಯ ಓವೈಸ್‌ನೆದುರು ಮುಖ ಊದಿಸಿಕೊಂಡು ನಿಂತಿದ್ದ.

“ನಿನ್ನೆ ಪೂರ್ತಿ ನಿಮ್ಮನೆ ಫೋನ್ ಎಂಗೇಜ್ ಬರ್ತಿತ್ತು,” ಎಂದ ಮುನಿರಾಜ್.

“ಫೋನ್ ಲೈನನ್ನ ಮೋಡೆಮ್‌ಗೆ ಹಾಕಿ ಕಂಪ್ಯೂಟರ್‌ಗೆ ಸೇರಿಸಿದ್ದೆ ಗುರು. ನಮ್ ಕ್ಲಾಸಿನ ಜಯಸಿಂಹನ ಕಂಪ್ಯೂಟರ್‌ಗೆ ಟೈಪ್ ಮಾಡ್ತಿದ್ದೆ.”

“ನಾವಿಬ್ರೂ ಹಾಗೆ ಟೈಪ್ ಮಾಡಿ ಮಾತಾಡೋಕೆ ಅಂತ ನಾನ್ ಬರೆದ ಪ್ರೋಗ್ರಾಂ ಅವನಿಗೂ ಕೊಟ್ಯಾ?”

“ಕೇಳ್ದ, ಕೊಟ್ಟೆ. ಅವನ್ದು ಹೊಸಾ ಮಷಿನ್. ಸ್ಪೀಡ್ ಎಷ್ಟ್ ಏರಿಸಿದ್ರೂ ಒಂದಕ್ಷರ ತಪ್ಪಲ್ಲ.”

“ಸ್ಪೀಡ್ ಏರಿಸಿದ್ರೆ ನನ್ ಪ್ರೋಗ್ರಾಂ ಅಕ್ಷರ ನುಂಗುತ್ತೆ ಅಂತಿದ್ದೆ ನೀನು.”

“ನುಂಗೋದು ಪ್ರೋಗ್ರಾಂ ಅಲ್ಲ ಮಗಾ, ನಿನ್ ಹಳೇ ಕಂಪ್ಯೂಟರ್. ಎರಡೂ ಕಡೆ ಒಂದೇ ಸ್ಪೀಡ್ ಇರ್ಬೇಕಲ್ಲ, ನಿನಗೋಸ್ಕರ ನಂದೂ ಇಳಿಸ್ಕೊಂಡಿದ್ದೆ.”

ಅಕ್ಕಯಮ್ಮನಿಗೆ ಸ್ಪೀಡಿನ ಸಂಗತಿ ಅರ್ಥವಾಗದಿದ್ದರೂ ಮುನಿರಾಜನ ಮುಖ ಕಪ್ಪಿಟ್ಟಿದ್ದು ಕಂಡಿತು.

“ಅವನಿಗೆ ಏನ್ ಟೈಪ್ ಮಾಡ್ದೆ?”

“ಏನಿಲ್ಲ. ಊಟ ಆಯ್ತಾ ಅಂತ.”

“ನಂಗೂ ದಿನಾ ಅದನ್ನೇ ಕೇಳ್ತಿದ್ದೆ ನೀನು.”

“ಇವತ್ತೂ ಕೇಳ್ತೀನಿ ಬಿಡು. ಮೊದ್ಲು ಸ್ಪೀಡ್ ಇಳಿಸ್ಬೇಕು, ಅಷ್ಟೆ.”

ವಿಮಾನಪುರದ ಬಸ್ ಬಂತು. ಓವೈಸ್ ಓಡಿ ಹತ್ತಿ, ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ ಗೆಳೆಯನನ್ನು ಕೂಗಿದ.

“ನೀವು ಕೂತ್ಕೊಳ್ಳಿ ಅಕ್ಕ,” ಎಂದು ಅಕ್ಕಯಮ್ಮನಿಗೆ ಹೇಳಿ, ಮುನಿರಾಜ್ ಹಿಂಬಾಗಿಲವರೆಗೂ ಹೋಗಿ ಕಂಬಿ ಹಿಡಿದು ನಿಂತ.